ತುಂಬಿದ ಮನೆಗೆ ರೇಷನ್ ಕಾರ್ಡು

ಒಂದು ಸರಕಾರ ತನ್ನ ಪ್ರಜೆಗಳಿಗಾಗಿ ಮಾಡಬಹುದಾದ ಕಾರ್ಯಗಳಲ್ಲೆಲ್ಲ ಅತ್ಯಂತ ಪವಿತ್ರವಾದದ್ದು ಹಸಿದವರಿಗೆ ಅನ್ನ ಕೊಡುವುದು. ನಮ್ಮ ಪುಣೆಯಲ್ಲಿ ಈ ಪವಿತ್ರ ಕಾರ್ಯ ಬೆಳಗಿನ ಹನ್ನೊಂದರ ಮೇಲೆ ಯಾವಾಗಲೋ ಶುರುವಾಗಿ, ಒಂದೂವರೆಗೆ ಊಟಕ್ಕೆಂದು ನಿಲ್ಲುತ್ತದೆ. ಊಟವಾದ ಮೇಲೆ ಸಾಮಾನ್ಯವಾಗಿ ಸರ್ವರ್ ಡೌನ್ ಇರುತ್ತದೆ.

ಇದನ್ನು ನಾನು ಯಾರದೋ ಬಾಯಿಂದ ಕೇಳಿ ಬರೆಯುತ್ತಿಲ್ಲ. ರೇಷನ್ ಕಚೇರಿಯ ಪಡಸಾಲೆಯಲ್ಲಿ ಬೇಕಾದಷ್ಟು ಸಲ ನಿಂತಿದ್ದೇನೆ. ಕೂಡಲು ಬೆಂಚುಗಳಿರಲಿಲ್ಲ ಎಂದಲ್ಲ. ಅವುಗಳ ಮೇಲೆ ಫೈಲುಗಳು ಕೂತಿದ್ದವು, ಮತ್ತು ಅವು ನನಗಿಂತ ಮೊದಲು ಬಂದವು.

ಮಹಾರಾಷ್ಟ್ರದಲ್ಲಿ ರೇಷನ್ ಕಾರ್ಡಿಗೆ ಮೂರು ಬಣ್ಣ. ಹಳದಿ ಕಡುಬಡವರಿಗೆ, ಕೇಸರಿ ಬಡವರಿಗೆ, ಬಿಳಿ ನಮ್ಮಂಥವರಿಗೆ. ಬಿಳಿ ಕಾರ್ಡಿನ ಮೇಲೆ ಒಂದು ಕಾಳೂ ಸಿಗುವುದಿಲ್ಲ. ಆದ್ದರಿಂದ ಅದನ್ನು ನಾವು ಲ್ಯಾಮಿನೇಟ್ ಮಾಡಿಸಿ ಕಪಾಟಿನ ಒಳಗಿನ ಖಾನೆಯಲ್ಲಿ ಜೋಪಾನವಾಗಿ ಇಡುತ್ತೇವೆ. ಕಾಳು ಸಿಗುವ ಕಾರ್ಡುಗಳು ಮಾತ್ರ ಅಕ್ಕಿಡಬ್ಬಿಯ ಕೆಳಗೆ, ದೇವರ ಫೋಟೊದ ಹಿಂದೆ, ಎಣ್ಣೆ ತಾಗಿ ಮಡಿಕೆ ಹರಿದು ಬಿದ್ದಿರುತ್ತವೆ.

ನನಗೆ ಈ ಉಸಾಬರಿ ಗಂಟುಬಿದ್ದದ್ದು ನಮ್ಮ ಕನ್ನಡ ಸಂಘದಿಂದ. ಧನಕವಡಿಯ ಸುತ್ತಲಿನ ಕನ್ನಡಿಗರ ಈ ಸಂಘಕ್ಕೆ ಬರುವ ವಿದ್ಯೆ ಒಂದೇ, ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಒಂದು ಫೋಟೊ. ಊರ ಕಡೆಯಿಂದ ಸಾಹಿತಿಗಳು ಸಿಕ್ಕರೆ ಸಾಹಿತಿಗಳಿಗೆ, ಸಿಗದಿದ್ದರೆ ಸಭಾಗೃಹದ ಮ್ಯಾನೇಜರಿಗೆ. ಒಂದು ಮಳೆಗಾಲ ಹೊದಿಸಲು ಶಾಲಿದ್ದು ಹೊದ್ದುಕೊಳ್ಳುವವರೇ ಸಿಗದೆ ಹೋದಾಗ ನಮ್ಮ ಅಧ್ಯಕ್ಷರಿಗೆ ಸಮಾಜಸೇವೆಯ ನೆನಪಾಯಿತು. ಅವರು ಬ್ಯಾಂಕಿನ ನಿವೃತ್ತ ಮ್ಯಾನೇಜರು. ಸರ್ವೀಸು ಮುಗಿಯುವವರೆಗೂ ಜನರಿಗೆ ಸಾಲ ಯಾಕೆ ಕೊಡಲಾಗುವುದಿಲ್ಲ ಎಂದು ವಿವರಿಸಿದವರಾದ್ದರಿಂದ ಬಡವರ ಪರಿಚಯ ಅವರಿಗೆ ಚೆನ್ನಾಗಿಯೇ ಇತ್ತು.

“ನಮ್ಮ ಕಡೀ ಜನ ಇಲ್ಲಿ ಗೌಂಡಿ ಕೆಲಸ, ಹಮಾಲಿ ಮಾಡ್ಕೋತ ಸಾವಿರಗಟ್ಟಲೆ ಅದಾರ,” ಎಂದು ಅವರು ಕಾರ್ಯಕಾರಿ ಸಭೆಯಲ್ಲಿ ಘೋಷಿಸಿದರು, ಆ ಜನ ಹಿಂದಿನ ರಾತ್ರಿ ಬಂದಿಳಿದವರ ಹಾಗೆ. “ಅವರಿಗೆ ರೇಷನ್ ಕಾರ್ಡ್ ಮಾಡಿಸಿ ಕೊಡೂದು ನಮ್ಮ ಕರ್ತವ್ಯ.”

ಸಂಘದ ಕಾರ್ಯದರ್ಶಿ ಮೈಸೂರು ಕಡೆಯ ಸಾಫ್ಟ್‌ವೇರ್ ಉದ್ಯೋಗಿ, ಒಳ್ಳೆಯ ಮನುಷ್ಯ, ಆದರೆ ಲೋಕದ ಯಾವ ಕಷ್ಟವನ್ನೂ ಫೋನಿನಿಂದ ಕೆಳಗಿಳಿಸಿ ನೋಡಿದವರಲ್ಲ. “ಸಿಂಪಲ್ ಸರ್. ಒಂದು ಗೂಗಲ್ ಫಾರ್ಮ್ ಮಾಡಿ ಗ್ರೂಪಲ್ಲಿ ಹಾಕ್‌ಬಿಡೋಣ. ಬೆನಿಫಿಶಿಯರೀಸ್ ಅವರೇ ಫಿಲ್ ಮಾಡ್ತಾರೆ,” ಎಂದರು. ಓದುಬರಹ ಬಾರದವರಿಗೆಂದು ಮಾಡಿದ ಆ ಫಾರ್ಮು ಇಂಗ್ಲಿಷಿನಲ್ಲಿತ್ತು. ಅದನ್ನು ತುಂಬಿದವರು ಇಬ್ಬರು: ಒಬ್ಬರು ಕಾರ್ಯದರ್ಶಿ, ಪರೀಕ್ಷೆಗೆಂದು; ಇನ್ನೊಬ್ಬರು ಅವರ ಶ್ರೀಮತಿ, ಕೆಲಸ ಮಾಡುತ್ತಿದೆಯೇ ಎಂದು ನೋಡಲು. ಬಡವರು ಇವರಿಬ್ಬರೇ ಎಂದು ಗೊತ್ತಾದ ಮೇಲೆ ಸಭೆ ನನ್ನತ್ತ ತಿರುಗಿತು. ನಾನು ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮರಾಠಿಯಲ್ಲಿ ಅರ್ಜಿ ಬರೆಯಬಲ್ಲೆ. ಹೀಗೆ ರವಿವಾರದ ಬೆಳಗ್ಗೆ ಬ್ಯಾನರಿನ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ನಾನು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಮೇಜಿಗಿಂತ ದೊಡ್ಡದಿತ್ತು.

ಮೊದಲು ಬಂದವಳು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಧನಕವಡಿಯ ಕಾಲೇಜು ಹುಡುಗರ ಹಾಸ್ಟೆಲೊಂದರಲ್ಲಿ ಕಸ ಗುಡಿಸುತ್ತಿದ್ದಳು. ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಟ್ರಕ್ಕಿನಿಂದ ಚೀಲ ಇಳಿಸುವಾಗ ಹಲಗೆ ಜಾರಿ ಸೊಂಟ ಹಿಡಿದು ಮಲಗಿದ್ದ. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಊರಿನ ಕಾರ್ಡಿನಿಂದ ಇವರ ಹೆಸರು ಹೋಗಿತ್ತು, ಬೆರಳೊತ್ತಲು ಕರೆದಾಗ ಊರಲ್ಲಿರಲಿಲ್ಲವೆಂದು. ಇಲ್ಲಿ ಕಾರ್ಡು ಸಿಕ್ಕಿರಲಿಲ್ಲ, ಊರಿನವರೆಂದು. ಅಲ್ಲಿಯವರೆಗೆ ಹಾಸ್ಟೆಲಿನ ಮೆಸ್ಸಿನಲ್ಲಿ ಉಳಿದ ಅನ್ನ ತರುತ್ತಿದ್ದಳು; ಹೊಸ ವಾರ್ಡನ್ ಬಂದು ಶಿಸ್ತಿನ ಹೆಸರಿನಲ್ಲಿ ಅದನ್ನು ನಿಲ್ಲಿಸಿದ್ದ. ಈಗ ಅನ್ನ ಶಿಸ್ತಾಗಿ ಹಂದಿಗಳಿಗೆ ಹೋಗುತ್ತಿತ್ತು.

ಅಧ್ಯಕ್ಷರು ಅವಳೆದುರು ನಿಂತು ಆಹಾರದ ಹಕ್ಕು, ಘನತೆಯ ಬದುಕು, ಹೊರನಾಡ ಕನ್ನಡಿಗರ ಜವಾಬ್ದಾರಿ ಇವುಗಳ ಮೇಲೆ ಸಾಕಷ್ಟು ಹೊತ್ತು ಮಾತಾಡಿದರು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿ, ಕೊನೆಗೆ ನನ್ನ ಕಡೆ ಬಾಗಿದಳು.

“ಏನಂದ್ರರೀ ಕಾಕಾರ ಅವರು?”

“ಅಕ್ಕಿ, ಗೋದಿ ಸಿಗತಾವ ಅಂದ್ರು.”

“ಅಷ್ಟಕ್ಕ ಇಷ್ಟ ಹೊತ್ತ? ಸಿಗಾಂಗಿಲ್ಲೋ ಏನೋ ಅಂತ ನನ್ನ ಎದಿ ಹೊಡ್ಕೊಳಾಕ ಹತ್ತಿತ್ತು.” ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಹುಡುಗ್ಯಾರು ರಾತ್ರಿ ಚಾ ಕುಡದ ಮಲಗ್ತಾವರೀ. ಕಾರ್ಡ್ ಆಗ್ತದೇನು ಇಲ್ಲೋ, ಅದಷ್ಟ ಖರೇ ಹೇಳಿಬಿಡ್ರಿ.”

ಆಗುತ್ತದೆ ಎಂದೆ. ಕಾಗದಪತ್ರಗಳ ಕಥೆಯನ್ನು ವಿಸ್ತರಿಸುವುದಿಲ್ಲ. ಉತ್ಪನ್ನದ ದಾಖಲೆ ಎಂಬುದೊಂದನ್ನು ತಹಸೀಲು ಕಚೇರಿಯಿಂದ ತರಬೇಕು. ಆದಾಯವಿಲ್ಲ ಎಂಬುದಕ್ಕೆ ಮರಾಠಿಯಲ್ಲಿ ಆ ಹೆಸರು. ಮನೆಯ ಮಾಲೀಕ ಬಾಡಿಗೆ ಮಾತ್ರ ತಿಂಗಳು ತಿಂಗಳು ಒಪ್ಪಿಕೊಳ್ಳುತ್ತಾನೆ, ಬಾಡಿಗೆದಾರರಿದ್ದಾರೆಂದು ಬರೆದುಕೊಡಲು ಒಪ್ಪುವುದಿಲ್ಲ. ಊರಿನಿಂದ ಇವರು ಅಲ್ಲಿ ತಿನ್ನುತ್ತಿಲ್ಲ ಎಂಬ ಪ್ರಮಾಣಪತ್ರ ಬೇಕು. ಒಬ್ಬ ಮನುಷ್ಯ ಎಲ್ಲೂ ತಿನ್ನುತ್ತಿಲ್ಲ ಎಂದು ಎರಡು ರಾಜ್ಯಗಳು ಸೇರಿ ದೃಢಪಡಿಸಿದ ಮೇಲೆಯೇ ಅವನ ಹಸಿವು ಕಾಯದೆಶೀರ ಆಗುತ್ತದೆ. ಎಲ್ಲವೂ ಕೂಡಿಬಂದ ದಿನ ಕಚೇರಿಯ ಇನ್ಸ್‌ಪೆಕ್ಟರ್ ಫೈಲಿನಿಂದ ತಲೆ ಎತ್ತದೆ ಮರಾಠಿಯಲ್ಲಿ ಹೇಳಿದ: “ಇನ್ನು ನಾನೊಮ್ಮೆ ಬಂದು ಮನೆ ನೋಡಬೇಕು. ಪರಿಸ್ಥಿತಿ ಹೇಗಿದೆ, ಬರೆದರೆ ಮುಗಿಯಿತು.”

ಇದನ್ನು ನಾನು ಅವಳಿಗೆ ತಿಳಿಸಿದೆ. ಸಾಹೇಬರು ಮನೆ ನೋಡಲು ಬರುತ್ತಾರೆ, ಮನೆಯಲ್ಲಿರು, ಎಂದೆ. ಅವಳ ಮುಖದಲ್ಲಿ ಎಂಥದೋ ಗಾಂಭೀರ್ಯ ಬಂತು. “ಮನಿ ನೋಡಾಕ? ಆತು ತಗೋರಿ ಕಾಕಾರ, ನಿಮ್ಮ ಮಾನ ಕಳಿಯಾಂಗಿಲ್ಲ,” ಎಂದಳು. ಅಧ್ಯಕ್ಷರಿಗೂ ತಿಳಿಸಿದೆ. ಅವರ ಮುಖದಲ್ಲೂ ಅದೇ ಗಾಂಭೀರ್ಯ ಬಂತು.

ಇನ್ಸ್‌ಪೆಕ್ಟರಿಗೆ ಸರಕಾರ ವಾಹನ ಕೊಟ್ಟಿರಲಿಲ್ಲ. ಅಂದು ಕೊಟ್ಟವನು ನಾನು. ನನ್ನ ಸ್ಕೂಟರಿನ ಹಿಂದೆ ಕೂತು, ಕಾತ್ರಜ್ ಕಡೆಯ ಏರಿನುದ್ದಕ್ಕೂ ತನ್ನ ಅಸಿಡಿಟಿಯ ವಿಷಯ ಹೇಳುತ್ತ ಬಂದ. ಹೀಗಾಗಿ ಆ ತಗಡಿನ ಖೋಲಿಯ ಬಾಗಿಲಲ್ಲಿ ನಾವಿಬ್ಬರೂ ಒಟ್ಟಿಗೇ ನಿಂತೆವು, ಮತ್ತು ಒಟ್ಟಿಗೇ ಬಾಯಿ ತೆರೆದೆವು.

ಒಳಗೆ ಫ್ರಿಜ್ಜಿತ್ತು. ನಾನು ಹಿಂದೆ ಎರಡು ಸಲ ಬಂದಾಗ ಆ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕೊಡವಿತ್ತು. ಫ್ರಿಜ್ಜಿನ ಪಕ್ಕ ಸ್ಟೂಲಿನ ಮೇಲೆ ಟೀವಿ, ಅದರ ಮೇಲೆ ಕ್ರೋಶಾ ಹೆಣಿಕೆಯ ಬಟ್ಟೆ. ಕಬ್ಬಿಣದ ಮಂಚ, ಮಂಚದ ಮೇಲೆ ಹೂವಿನ ಚಾದರ, ಅದರ ಮೇಲೆ ಇಸ್ತ್ರಿಯ ಅಂಗಿ ತೊಟ್ಟ ಗಂಡ ನೆಟ್ಟಗೆ ಕೂತಿದ್ದ. ಸೊಂಟದ ನೋವಿಗೆ ಹಲ್ಲು ಕಚ್ಚಿದ್ದನ್ನು ಯಾರಾದರೂ ಠೀವಿ ಎಂದೇ ತಿಳಿಯುವಂತಿತ್ತು. ಮುದುಕಿಯ ಕೊರಳಲ್ಲಿ ಗುಂಡಿನ ಸರ. ಹುಡುಗಿಯರು ಯಾರದೋ ಜರಿ ಲಂಗಗಳಲ್ಲಿ ಮುಳುಗಿದ್ದರು. ಮತ್ತು ಹಿಂದಿನ ಗೋಡೆಗೆ, ನೆಲದಿಂದ ತಗಡಿನವರೆಗೆ, ಚೀಲದ ಮೇಲೆ ಚೀಲ, ಬಾಯಿ ಹೊಲಿದು, ಮೂಲೆ ತೀಡಿ, ಸಾಲಾಗಿ ಒಟ್ಟಿದ್ದರು. ಧಾನ್ಯಕ್ಕಾಗಿ ಅರ್ಜಿ ಹಾಕಿದ ಮನೆಯಲ್ಲಿ ಒಂದು ಸಣ್ಣ ಗೋದಾಮು.

“ಇದೇನು?” ಇನ್ಸ್‌ಪೆಕ್ಟರ್ ಚೀಲಗಳನ್ನು ತೋರಿಸಿ ಕೇಳಿದ.

ಗಂಡ ಹಿಂದಿಯಲ್ಲಿ ಉತ್ತರಿಸಿದ: “ಜೋಳ ಸಾಹೇಬ್. ಒಂದು ನಂಬರ್ ಮಾಲ್.”

ನಾನು ಬಾಯಿ ಹಾಕುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಅಧ್ಯಕ್ಷರು ಇಳಿದರು. ಕೈಯಲ್ಲಿ ಶಾಲಿತ್ತು. ಹಿಂದೆ ಕಾರ್ಯದರ್ಶಿ, ಹಣ್ಣಿನ ಬುಟ್ಟಿ ಮತ್ತು ಫೋನು. ಸಂಘದ ಪರವಾಗಿ ಇನ್ಸ್‌ಪೆಕ್ಟರಿಗೆ ಶಾಲು ಹೊದಿಸಲಾಯಿತು. ಅವನು ಜೀವನದಲ್ಲಿ ಮೊದಲ ಸಲ ಸನ್ಮಾನಿತನಾಗುತ್ತಿದ್ದಂತೆ ಕಂಡಿತು. ಅಸಿಡಿಟಿ ಮರೆತು ಎದೆ ಮುಂದೆ ಮಾಡಿದ. “ಸರ್, ಸ್ವಲ್ಪ ಲೆಫ್ಟ್‌ಗೆ,” ಎಂದರು ಕಾರ್ಯದರ್ಶಿ, “ಬ್ಯಾಕ್‌ಗ್ರೌಂಡಲ್ಲಿ ಫ್ರಿಜ್ ಚೆನ್ನಾಗಿ ಬರ್ತಿದೆ.” ಆಮೇಲೆ ಶೇಂಗಾ ಹೋಳಿಗೆ ಬಂತು, ಚೂಡಾ ಬಂತು, ಬಸಿಗಳ ಮೇಲೆ ಕಪ್ಪುಗಳಲ್ಲಿ ಚಹಾ ಬಂತು. ಹುಡುಗಿಯರು ಹೋಳಿಗೆಯ ತಾಟನ್ನು ಕಣ್ಣು ತೆಗೆಯದೆ ನೋಡುತ್ತಿದ್ದರು. ಇನ್ಸ್‌ಪೆಕ್ಟರ್ ಮತ್ತೊಂದು ಹಾಕಿಸಿಕೊಂಡ. ಕೈ ತೊಳೆದು, “ಛಾನ್ ಆಹೆ ಘರ್,” ಚೆಂದದ ಮನೆ, ಎಂದು ಮನಃಪೂರ್ವಕವಾಗಿ ಹೇಳಿ, ಅದನ್ನೇ ಫೈಲಿನಲ್ಲಿ ಬರೆದುಕೊಂಡ.

ಅವನನ್ನು ಕಚೇರಿಗೆ ಬಿಟ್ಟು ನಾನು ಮತ್ತೆ ಏರು ಹತ್ತಿ ಬಂದೆ. ಅಷ್ಟರಲ್ಲಿ ಫ್ರಿಜ್ಜು ಹೋಗಿತ್ತು, ಟೀವಿ ಹೊರಟಿತ್ತು, ಗಂಡ ನೆಲದ ಮೇಲಿನ ಚಾಪೆಗೆ ಮರಳಿದ್ದ.

“ಏನ ಮಾಡಿದಿ ತಂಗೀ ಇದು?”

“ಯಾಕ್ರೀ? ಚಲೋ ಆತಲ್ಲ? ಸಾಹೇಬ್ರು ನಕ್ಕೋತ ಹೋದ್ರು.”

“ಜ್ವಾಳದ ಚೀಲ ಒಟ್ಟಿ ಜ್ವಾಳಾ ಬೇಡ್ತಾರೇನು?”

ಅವಳಿಗೆ ನನ್ನ ದಡ್ಡತನ ಕಂಡು ಕನಿಕರವಾಯಿತು. “ಖಾಲಿ ಮನಿ ತೋರಿಸಿದ್ರ ಯಾರ ಏನ ಕೊಡ್ತಾರ್ರೀ ಕಾಕಾರ? ಕಿರಾಣಿ ಅಂಗಡಿಯವ ಉದ್ರಿ ಕೊಡೂ ಮುಂದ ಇದ್ದವರಿಗೇ ಕೊಡ್ತಾನ. ಹೆಣ್ಣ ಕೊಡೋರು ತುಂಬಿದ ಮನೀನ ನೋಡ್ತಾರ. ನಮ್ಮಪ್ಪ ಮನಿ ನೋಡಾಕ ಬಂದಾಗ ಈ ನಮ್ಮ ಅತ್ತಿ ಹಿಂಗ ಗೋಡಿ ತುಂಬ ಚೀಲ ಒಟ್ಟಿ ತೋರಿಸಿದ್ದಳು. ನೋಡಿ ಅಲ್ಲೇ ಅಡಕಿ ಎಲಿ ತಗೊಂಡ. ಚೀಲದಾಗ ಏನಿತ್ತು ಅನ್ನೂದು ನನಗ ಲಗ್ನ ಆದ ಮ್ಯಾಲ ಗೊತ್ತಾತು.”

“ಮತ್ತ? ಹಂಗ ಒಟ್ಟಿದ್ದಕ್ಕ ನೀ ಇವತ್ತ ಈ ಮನ್ಯಾಗ ಅದಿ,” ಎಂದಳು ಮುದುಕಿ, ಗುಂಡಿನ ಸರ ಬಿಚ್ಚಿ ನೆರೆಮನೆಯ ಹುಡುಗಿಯ ಕೈಗೆ ಕೊಡುತ್ತ.

“ಅದನ್ನ ಹೇಳಾಕ ಹತ್ತೀನಿ, ನೋಡ ನನ್ನ ಹಣೇಬರಾ,” ಎಂದಳು ಸೊಸೆ.

ಈ ಚೀಲಗಳಲ್ಲಿ ಏನಿದೆ ಎಂದು ಕೇಳಿದೆ. ಉಳ್ಳಾಗಡ್ಡಿಯ ಸಿಪ್ಪೆ. ಗಂಡನ ಜೊತೆಗಾರ ಹಮಾಲರು ಮಾರ್ಕೆಟ್ ಯಾರ್ಡಿನಿಂದ ಖಾಲಿ ಚೀಲ ತಂದು, ಸಿಪ್ಪೆ ತುರುಕಿ, ಜೋಳದಂತೆ ಕಾಣುವ ಹಾಗೆ ಮೂಲೆ ತಟ್ಟಿ, ಹೊಲಿದು, ನಿಲ್ಲಿಸಿ ಹೋಗಿದ್ದರು. ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ದಿನ ಅಲ್ಲಿ ಯಾರಾದರೂ ತಮ್ಮ ಕೆಲಸವನ್ನು ನೀಟಾಗಿ ಮಾಡಿದ್ದರೆ ಅವರು ಆ ಹಮಾಲರು ಮಾತ್ರ.

ಅರ್ಜಿ ತಿರಸ್ಕೃತವಾಯಿತು. ಪರಿಸ್ಥಿತಿ ಉತ್ತಮ, ಧಾನ್ಯದ ದಾಸ್ತಾನು ಇದೆ, ಫ್ರಿಜ್, ಟೀವಿ, ಇತ್ಯಾದಿ.

ನಾನು ಹೋಗಿ ಜಗಳಾಡಿದೆ. ಎಲ್ಲವೂ ಎರವಲು ಎಂದೆ. ಇನ್ಸ್‌ಪೆಕ್ಟರ್ ತನ್ನ ಫೋನು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಶಾಲು ಹೊದ್ದ ಅವನು, ಪಕ್ಕದಲ್ಲಿ ಅಧ್ಯಕ್ಷರ ಹಲ್ಲು, ಹಿಂದೆ ಫ್ರಿಜ್ಜು, ಟೀವಿ, ಚೀಲಗಳ ಗೋಡೆ. “ನಿಮ್ಮ ಅಧ್ಯಕ್ಷರೇ ಕಳಿಸಿದ್ದು. ಇದಕ್ಕಿಂತ ದೊಡ್ಡ ಪುರಾವೆ ಬೇಕೆ?” ಸರಕಾರಿ ನೌಕರನೊಬ್ಬ ತನ್ನ ಜೀವಮಾನದ ಒಂದೇ ಸನ್ಮಾನದ ಫೋಟೊವನ್ನು ಸುಳ್ಳೆಂದು ಒಪ್ಪುವುದು ಕಷ್ಟ. ಕೊನೆಗೆ ಅವನೇ ಒಂದು ದಾರಿ ತೋರಿಸಿದ: ಆ ಸಾಮಾನುಗಳ ನಿಜವಾದ ಮಾಲೀಕರು ಬಂದು, ಇವು ನಮ್ಮವು ಎಂದು ಬರೆದುಕೊಡಲಿ.

ನ್ಯಾಯವಾಗಿಯೇ ಇತ್ತು. ಆ ಸಂಜೆ ಅವಳ ಜೊತೆ ಆ ಓಣಿಯ ಮನೆಮನೆಗೆ ಹೋದೆ, ಮತ್ತು ಒಂದು ವಿಚಿತ್ರ ಕಂಡೆ. ಫ್ರಿಜ್ಜು ಯಾರದೂ ಅಲ್ಲ. ಮಂಚ ಯಾರಿಗೂ ಗೊತ್ತಿಲ್ಲ. ಟೀವಿ ಕೊಟ್ಟಿದ್ದ ಹೆಂಗಸು ಬಾಗಿಲಿಗೆ ಅಡ್ಡ ನಿಂತು, “ಯಾವ ಟೀವಿ ಅವ್ವಾ? ನಮ್ಮನ್ಯಾಗ ಟೀವಿ ಎಲ್ಲಿಂದ ಬರಬೇಕು?” ಎಂದಳು. ಅವಳ ಬೆನ್ನ ಹಿಂದೆ ಮರಾಠಿ ಧಾರಾವಾಹಿಯ ಅತ್ತೆಯೊಬ್ಬಳು ಅಳುತ್ತಿದ್ದಳು. ಒಳಗಿನಿಂದ ಯಾರೋ ಆವಾಜು ಕಡಿಮೆ ಮಾಡಿದರು.

ಕಾರಣ ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರೆಲ್ಲರೂ ಕೇಸರಿ ಕಾರ್ಡಿನವರು. ಫ್ರಿಜ್ಜು ನನ್ನದು ಎಂದು ಇನ್ಸ್‌ಪೆಕ್ಟರಿನ ಮುಂದೆ ಬರೆದುಕೊಟ್ಟವನ ಕಾರ್ಡು ಮರುದಿನ ಉಳಿಯುವ ಖಾತ್ರಿ ಯಾರಿಗೂ ಇರಲಿಲ್ಲ. ಹೆಣ್ಣುಮಗಳು ಅವರ ಮೇಲೆ ಸಿಟ್ಟಾಗಲಿಲ್ಲ. “ಹೋಗ್ಲಿ ಬಿಡ್ರಿ ಕಾಕಾರ. ಕೊಟ್ಟ ಮಂದಿ ಹೊಟ್ಟಿ ಮ್ಯಾಲ ನಾ ಹ್ಯಾಂಗ ಕಾಲಿಡ್ಲಿ?” ಎಂದಳು. ಅವಳನ್ನು ಖೋಲಿಗೆ ಬಿಟ್ಟೆ. ಮನೆಯಲ್ಲಿ ಒಲೆಯ ಮೇಲೆ ಚಹಾದ ಪಾತ್ರೆಯೇ ಇತ್ತು.

ಚೀಲಗಳ ಮಟ್ಟಿಗಾದರೂ ಒಂದು ಅಫಿಡವಿಟ್ ಮಾಡಿಸೋಣ ಎಂದೆ.

“ಅಫಿಡವಿಟ್ ಯಾಕ್ರೀ? ಚೀಲಾನ ತರ್ತೀನಲ್ಲ.”

ತಂದಳು. ಮರುದಿನ ಕಚೇರಿಯ ಮೆಟ್ಟಿಲಲ್ಲಿ ನಾನು ಕಾಯುತ್ತಿದ್ದಾಗ ಒಂದು ಕ್ವಿಂಟಲಿನ ಗಾತ್ರದ ಚೀಲ ಸಿಟಿ ಬಸ್ಸಿನಿಂದ ಇಳಿಯಿತು, ಕೆಳಗೆ ಅವಳು. ಕಂಡಕ್ಟರ್ ಲಗೇಜಿನ ಟಿಕೀಟು ಹರಿದಿದ್ದನಂತೆ. ಅವನೂ ಜೋಳವೆಂದೇ ನಂಬಿದ್ದ. ಸಿಪಾಯಿ ತಡೆಯುವ ಮೊದಲೇ ಒಳಗೆ ಹೋಗಿ, ತಲೆಯ ಮೇಲಿನ ಚೀಲವನ್ನು ಒಂದೇ ಕೈಯಲ್ಲಿ ಇಳಿಸಿ ಇನ್ಸ್‌ಪೆಕ್ಟರಿನ ಮೇಜಿನ ಮೇಲೆ ಇಟ್ಟಳು. ಅಷ್ಟಕ್ಕೇ ಅರ್ಥವಾಗಬೇಕಿತ್ತು. ಆದರೆ ಅವನು ಫೈಲು ನೋಡುತ್ತಿದ್ದ.

“ಸಾಹೇಬ್ರ, ನಿಮ್ಮ ಜ್ವಾಳಾ ತಗೋರಿ,” ಎಂದು ಕನ್ನಡದಲ್ಲಿಯೇ ಹೇಳಿ ಹೊಲಿಗೆ ಎಳೆದಳು.

ಮೇಲೆ ಫ್ಯಾನು ಪೂರ್ತಿ ವೇಗದಲ್ಲಿತ್ತು. ಉಳ್ಳಾಗಡ್ಡಿಯ ಸಿಪ್ಪೆ ಎಷ್ಟು ಹಗುರ ಎಂಬುದು ಅಂದು ಆ ಇಡೀ ಇಲಾಖೆಗೆ ಗೊತ್ತಾಯಿತು. ಬೆಂಚಿನ ಮೇಲಿದ್ದ ಫೈಲುಗಳು ಕೆಂಪಾದವು. ಪಕ್ಕದ ಟೇಬಲ್ಲಿನ ಮಹಿಳಾ ಗುಮಾಸ್ತರು ಊಟದ ಡಬ್ಬಿ ಬಿಚ್ಚಿ ಕೂತಿದ್ದರು, ಅವರ ಕಾಳಿನ ಉಸಳಿಯಲ್ಲಿ ಬಿತ್ತು. ಇನ್ಸ್‌ಪೆಕ್ಟರ್ ಸೀನಿದ, ಬೈದ, ಮತ್ತೆ ಸೀನಿದ. ಸರದಿಯಲ್ಲಿದ್ದ ಜನ ನಗುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿ, ನಕ್ಕರು. ಅವಳು ನಗಲಿಲ್ಲ. “ಇನ್ನೂ ಗೋಡಿ ತುಂಬ ಅದಾವು. ಎಲ್ಲಾ ತರ್ಲ್ಯಾ ಕೇಳ್ರಿ ಕಾಕಾರ,” ಎಂದು ನನಗೆ ಹೇಳಿದಳು. ನಾನು ಅದನ್ನು ಬಹಳ ವಿನಯದಿಂದ ಮರಾಠಿಗೆ ಅನುವಾದಿಸಿದೆ.

ಬೇಡವೆಂದ. ಚೀಲಗಳನ್ನು ಫೈಲಿನಿಂದ ಹೊಡೆದುಹಾಕಿದ. ಆದರೆ ಫ್ರಿಜ್ಜು, ಟೀವಿ, ಮಂಚ ಉಳಿದವು. ಅವುಗಳಿಗೆ ಒಬ್ಬ ಮಾಲೀಕ ಬೇಕೇ ಬೇಕು ಎಂದ, ಕರವಸ್ತ್ರದ ಹಿಂದಿನಿಂದ.

ಕಳೆದುಕೊಳ್ಳಲು ಕಾರ್ಡಿಲ್ಲದ ಮನುಷ್ಯನೇ ಫ್ರಿಜ್ಜಿಗೆ ಒಡೆಯನಾಗಬಲ್ಲ. ಅಂದರೆ ಬಿಳಿ ಕಾರ್ಡಿನವನು. ಅಂಥ ಕಾರ್ಡು ನನ್ನದೂ ಇತ್ತು, ಆದರೆ ಫೋಟೊದಲ್ಲಿ ನಾನಿರಲಿಲ್ಲ. ಅಧ್ಯಕ್ಷರ ಫ್ಲ್ಯಾಟಿಗೆ ಹೋದೆ. ವಿಷಯ ಕೇಳಿ ಅವರು ಸೋಫಾದಲ್ಲಿ ಹಿಂದೆ ಸರಿದರು. “ನಾನು? ಸುಳ್ಳು ಬರಕೊಡೂದು? ನಮ್ಮ ತತ್ವಕ್ಕ ಕೂಡಾಂಗಿಲ್ಲ.”

“ಫೋಟೊದಾಗ ನೀವ ಅದೀರಿ. ನೀವ ಕಳಿಸೀರಿ. ಅದರಿಂದ ಆ ಮನಿ ಅನ್ನ ತಪ್ಪೇದ,” ಎಂದೆ.

“ಫೋಟೊ ಚಲೋ ಬಂದಿತ್ತು ಅಂತ ಕಳಿಸಿದ್ದೆ,” ಎಂದರು. ಅವರ ಶ್ರೀಮತಿಯವರು ಅಡುಗೆಮನೆಯಿಂದಲೇ, “ಒಂದ ಸಹಿ ಮಾಡಿದ್ರ ಕೈ ಸವೀತದೇನ್ರೀ?” ಎಂದರು. ತತ್ವ ಅಲ್ಲಿಗೆ ಮುಗಿಯಿತು. ಸದರಿ ವಸ್ತುಗಳು ಸಂಘದ ಸ್ವತ್ತೆಂದೂ, ಸನ್ಮಾನ ಸಮಾರಂಭದ ಶೋಭೆಗಾಗಿ ತಾತ್ಕಾಲಿಕವಾಗಿ ಸದರಿ ಮನೆಯಲ್ಲಿ ಇರಿಸಲಾಗಿತ್ತೆಂದೂ ಬರೆದೆ. ಅವರು ಒಂದು ಶರತ್ತು ಹಾಕಿದರು: ಸಹಿಯ ಕೆಳಗೆ ಅಧ್ಯಕ್ಷರು ಎಂದಿರಬೇಕು, ದಪ್ಪ ಅಕ್ಷರದಲ್ಲಿ. ನಮ್ಮ ಸಂಘ ಸ್ಥಾಪನೆಯಾದಂದಿನಿಂದ ಒಬ್ಬರ ಹೊಟ್ಟೆಗೆ ಬಿದ್ದ ಕೆಲಸ ಅದೊಂದೇ, ಮತ್ತು ಅದು ಅಪ್ಪಟ ಸುಳ್ಳು.

ಇನ್ಸ್‌ಪೆಕ್ಟರ್ ಅದನ್ನು ಓದಿದ. ಸನ್ಮಾನ ಎಂಬ ಶಬ್ದ ಬಂದಲ್ಲಿ ಅವನ ಹುಬ್ಬು ಇಳಿಯಿತು. ಮತ್ತೆ ಮನೆ ನೋಡುವ ಅಗತ್ಯವಿಲ್ಲ ಎಂದ. ಠಸ್ಸೆ ಹೊಡೆದ.

ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಈ ಯೋಜನೆಯ ಯಶಸ್ಸಿನ ಮೇಲೆ ಸ್ಲೈಡುಗಳನ್ನು ತೋರಿಸಿದರು. ನಾನು ಹೋಗಲಿಲ್ಲ, ಮೇಜಿನ ಹತ್ತಿರ ಅರ್ಜಿ ಬರೆಸಲು ಬೇರೆಯವರು ಬಂದಿದ್ದರು.

ಕಾರ್ಡು ದೀಪಾವಳಿ ಕಳೆದ ಮೇಲೆ ಬಂತು. ಕೇಸರಿ ಬಣ್ಣದ್ದು, ಹೆಣ್ಣುಮಗಳ ಹೆಸರಿನಲ್ಲಿ. ಗೋದಿ ಮತ್ತು ಅಕ್ಕಿ ಪ್ರತಿ ತಿಂಗಳು ನಾಲ್ಕು ಜನರಿಗೆ ಸಿಗುತ್ತವೆ. ಮುದುಕಿಯ ಬೆರಳಿನ ಗುರುತು ಯಂತ್ರಕ್ಕೆ ಹತ್ತಿಲ್ಲ, ಅವಳ ಅರ್ಜಿ ಕಚೇರಿಯಲ್ಲಿದೆ.